37 ಸೆಂಟಿಮೀಟರ್ ಏರುವ ಸರ್ವ್

ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲಿ ಬ್ಯಾಕ್‌ಹ್ಯಾಂಡ್ ಶಾರ್ಟ್ ಸರ್ವ್ (ಕೈಯ ಹಿಂಬದಿ ಮುಂದಾಗಿ, ನೆಟ್‌ನ ಹತ್ತಿರಕ್ಕೇ ಬೀಳುವಂತೆ ಹಾಕುವ ಸರ್ವ್) ಕೈಕೊಟ್ಟಾಗಲೆಲ್ಲ ‘ಮಣಿಕಟ್ಟು ಇನ್ನೂ ಬಳಸು’ ಎಂದು ಸಲಹೆ ಕೊಡುವವರಿದ್ದಾರೆ. ನನ್ನ ಪ್ರಕಾರ ಅದು ಉಲ್ಟಾ ಸಲಹೆ. ಈ ಸರ್ವ್ ಬೆರಳುಗಳದ್ದು.

ಏಟು ಬೀಳುವ ಗಳಿಗೆಯಲ್ಲಿ ಇಡೀ ಶಟಲ್ ನೆಲದಿಂದ 1.15 ಮೀಟರ್‌ಗಿಂತ ಕೆಳಗಿರಬೇಕು. ನೆಟ್‌ನ ನಡುಭಾಗದ ಎತ್ತರ 1.524 ಮೀಟರ್. ಅಂದರೆ ಕನಿಷ್ಠ 37 ಸೆಂ.ಮೀ. ಏರಬೇಕು, ಆಮೇಲೆ ನೆಟ್‌ನಿಂದ 1.98 ಮೀಟರ್ ಆಚೆಗಿರುವ ಗೆರೆಯನ್ನು ಮುಟ್ಟಬೇಕು. ಏರಿಕೆಯ ತುತ್ತತುದಿ ನಮ್ಮ ಕಡೆಯೇ ಮುಗಿದು, ನೆಟ್ ದಾಟುವಾಗ ಶಟಲ್ ಇಳಿಯುತ್ತಿದ್ದರೆ ಎದುರಾಳಿ ಅದನ್ನು ಎತ್ತಲೇಬೇಕಾಗುತ್ತದೆ. ನೆಟ್ ದಾಟಿದ ಮೇಲೂ ಏರುತ್ತಿದ್ದರೆ ಮುಗಿಯಿತು, ಮುಖಕ್ಕೇ ವಾಪಸ್ ಬರುತ್ತದೆ.

ಬಲಗೈ ಆಟಗಾರರಾದರೆ ಬಲಗಾಲು ಮುಂದೆ, ಭಾರ ಅದರ ಮೇಲೆ. ಗ್ರಿಪ್ಪನ್ನು ಮೇಲ್ತುದಿಯಲ್ಲಿ ಹಿಡಿದು, ಹೆಬ್ಬೆರಳನ್ನು ಅದರ ಅಗಲ ಬದಿಗೆ ಒತ್ತಿ, ಮೊಣಕೈ ಎತ್ತಿರಲಿ. ಎಡಗೈಯ ಎರಡು ಬೆರಳಲ್ಲಿ ಒಂದೇ ಗರಿಯ ತುದಿ ಹಿಡಿದು, ಕಾರ್ಕ್ ರ‍್ಯಾಕೆಟ್ ಕಡೆಗಿರುವಂತೆ ತಂತಿಯ ಮುಂದೆ ಇಡಿ. ಶಟಲ್ಲನ್ನು ಬೀಳಿಸಿ ಹೊಡೆಯಬೇಡಿ, ಏಟಿನ ಎತ್ತರ ಪ್ರತಿ ಸಲ ಬದಲಾಗುತ್ತದೆ. ಹಿಡಿದ ಬೆರಳುಗಳ ನಡುವಿನಿಂದಲೇ ಅದನ್ನು ತಳ್ಳಿ ತೆಗೆಯುವಂತೆ ಹೊಡೆಯಿರಿ. ಹಿಂದಕ್ಕೆಳೆಯುವ ದೂರ ಗೇಣುದ್ದ ಸಾಕು. ಸಡಿಲವಾಗಿದ್ದ ಬೆರಳು ಕೊನೆಯಲ್ಲಿ ಬಿಗಿಯಾಗುತ್ತವೆ, ಹೆಬ್ಬೆರಳು ನೂಕುತ್ತದೆ, ಅಷ್ಟೇ. ಮಣಿಕಟ್ಟು ಮಡಿಸಿ ಹೊಡೆದರೆ ರ‍್ಯಾಕೆಟ್ ಮುಖದ ಕೋನ ಏಟಿನ ಹೊತ್ತಿನಲ್ಲೇ ಓಡುತ್ತಿರುತ್ತದೆ. ಶಟಲ್ ಒಮ್ಮೆ ನೆಟ್‌ಗೆ, ಒಮ್ಮೆ ಮುಗಿಲಿಗೆ. ಮೊದಲಿನಿಂದಲೇ ಬಿಗಿಹಿಡಿದರೂ ಕಷ್ಟ: ಬೆರಳಿಗೆ ಕೆಲಸವೇ ಉಳಿಯುವುದಿಲ್ಲ. ಎದುರಾಳಿಯ ತಲೆಯ ಮೇಲಿಂದ ಹಿಂದಕ್ಕೆ ಹಾರಿಸುವ ಫ್ಲಿಕ್ ಸರ್ವ್‌ಗೂ ತಯಾರಿ ಇದೇ; ಕೊನೆ ಗಳಿಗೆಯಲ್ಲಿ ಮುಂಗೈ ಹೊರಕ್ಕೆ ತಿರುಗಿ ವೇಗ ಕೊಡುತ್ತದೆ.

ಏಟು ಬಿದ್ದ ಕೂಡಲೇ ಶಟಲ್ ತಿರುಗಿ ಕಾರ್ಕ್ ಮುಂದಾಗುತ್ತದೆ. ತೂಕ ಕಾರ್ಕ್ ಕಡೆ, ಗಾಳಿಯ ತಡೆ ಗರಿಗಳ ಕಡೆ ಇರುವುದೇ ಕಾರಣ. ಈ ತಿರುಗುವಿಕೆಯನ್ನು ಕೆಡಿಸುವ ತಂತ್ರಗಳನ್ನು ನಿಯಮ ಬೆನ್ನಟ್ಟುತ್ತಲೇ ಬಂದಿದೆ. ಮಲೇಷ್ಯಾದ ಸಿಡೆಕ್ ಸಹೋದರರು ಗರಿಗಳಿಗೆ ಮೊದಲ ಏಟು ಕೊಟ್ಟು ಶಟಲ್ ತೊನೆದಾಡುವಂತೆ ಮಾಡಿದರು. 1980ರ ದಶಕದ ಆರಂಭದಲ್ಲಿ ಅದು ನಿಷೇಧವಾಯಿತು; ಮೊದಲ ಏಟು ಕಾರ್ಕ್‌ಗೇ ಬೀಳಬೇಕಾಯಿತು. 2023ರಲ್ಲಿ ಬೆರಳಿನಿಂದ ತಿರುಗಿಸಿ ಬಿಡುವ ಸ್ಪಿನ್ ಸರ್ವ್‌ಗೂ ತಡೆ ಬಿತ್ತು. ಎತ್ತರದ ಲೆಕ್ಕವೂ ಹೀಗೆಯೇ. ಹಿಂದೆ ಸರ್ವ್ ಮಾಡುವವರ ಕೊನೆಯ ಪಕ್ಕೆಲುಬಿನ ಮಟ್ಟವನ್ನು ಸರ್ವಿಸ್ ಜಡ್ಜ್ ಕಣ್ಣಂದಾಜಿನಲ್ಲಿ ನೋಡುತ್ತಿದ್ದರು, 2018ರಿಂದ 1.15 ಮೀಟರ್ ಎಲ್ಲರಿಗೂ ಒಂದೇ. ಉದ್ದನೆಯ ಆಟಗಾರರು ಮಂಡಿ ಬಾಗಿಸಬೇಕಾಯಿತು, ಗೊಣಗಿದರು. ಆದರೂ ಕಣ್ಣಂದಾಜಿಗಿಂತ ಇದು ವಾಸಿ.