ಕೈಗಾದಿಂದ ಡಾರ್ಲಿಂಗ್ಟನ್‌ಗೆ: ರಿಯಾಕ್ಟರ್ ಪ್ಯಾನಲ್ ಮುಂದಿನ ಕೆಲಸ

2020ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಡಾರ್ಲಿಂಗ್ಟನ್ ಅಣು ವಿದ್ಯುತ್ ಸ್ಥಾವರದ ಒಂದನೇ ಯೂನಿಟ್ ಒಂದು ವಿಶ್ವದಾಖಲೆ ಮುರಿಯಿತು. ನಡುವೆ ಎಲ್ಲೂ ನಿಲ್ಲದೆ ಅತಿ ಹೆಚ್ಚು ದಿನ ಓಡಿದ ಅಣು ರಿಯಾಕ್ಟರ್ ಎಂಬ ದಾಖಲೆ. ಅಲ್ಲಿಯವರೆಗೆ ಅದು ಯಾರ ಹೆಸರಲ್ಲಿತ್ತು ಗೊತ್ತಾ? ನಮ್ಮ ಕಾರವಾರ ತಾಲೂಕಿನ ಕೈಗಾದ ಒಂದನೇ ಯೂನಿಟ್ ಹೆಸರಲ್ಲಿ. 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ, ಒಟ್ಟು 962 ದಿನ. ಡಾರ್ಲಿಂಗ್ಟನ್ ಯೂನಿಟ್ ಅದನ್ನು ದಾಟಿ, 2021ರ ಫೆಬ್ರವರಿಯಲ್ಲಿ 1,106 ದಿನಕ್ಕೆ ನಿಂತಿತು.

ನಾನು ಈ ಎರಡೂ ಕಡೆ ಕೆಲಸ ಮಾಡಿದವನು. ಕಲಿತದ್ದು ಕೈಗಾದಲ್ಲಿ. ಈಗ ಇರುವುದು ಒಂಟಾರಿಯೊ ಸರೋವರದ ದಂಡೆಯಲ್ಲಿ, ಟೊರೊಂಟೊದಿಂದ ಪೂರ್ವಕ್ಕಿರುವ ಡಾರ್ಲಿಂಗ್ಟನ್‌ನಲ್ಲಿ. ದಾಖಲೆ ಮುರಿದಾಗ ಇಲ್ಲಿನ ಗೆಳೆಯರಿಗೆ ಕೈಗಾ ಎಲ್ಲಿದೆ ಅಂತ ಮ್ಯಾಪ್ ತೆರೆದು ತೋರಿಸಿದೆ. ಕಾಳಿ ನದಿ, ಕದ್ರಾ ಅಣೆಕಟ್ಟು, ಸುತ್ತ ಕಾಡು. ಅವರಿಗೆ ನಂಬಿಕೆಯೇ ಬರಲಿಲ್ಲ, ಇಷ್ಟು ಹಸಿರು ಜಾಗದಲ್ಲಾ ಅಂತ.

ಎರಡೂ ಸ್ಥಾವರಗಳು ಇಷ್ಟು ದೀರ್ಘ ಓಡೋದಕ್ಕೆ ಕಾರಣ ಒಂದೇ. ಎರಡರದ್ದೂ ಒಂದೇ ವಂಶ. ಇವು ಭಾರಜಲ, ಅಂದರೆ ಭಾರದ ಹೈಡ್ರೋಜನ್ ಇರುವ ನೀರು, ಬಳಸುವ ರಿಯಾಕ್ಟರ್‌ಗಳು. ಸಂಸ್ಕರಿಸಿ ಸಾಂದ್ರ ಮಾಡದ, ಸಹಜ ಯುರೇನಿಯಂ ಇವಕ್ಕೆ ಸಾಕು. ಜಗತ್ತಿನ ಬಹುಪಾಲು ರಿಯಾಕ್ಟರ್‌ಗಳನ್ನು ಇಂಧನ ಬದಲಿಸಲು ನಿಲ್ಲಿಸಲೇಬೇಕು. ಇವನ್ನು ನಿಲ್ಲಿಸಬೇಕಿಲ್ಲ. ಪೂರ್ತಿ ಶಕ್ತಿಯಲ್ಲಿ ಓಡುತ್ತಿರುವಾಗಲೇ ಇಂಧನ ಇಡುವ ಕೊಳವೆಯ, ಅಂದರೆ ಚಾನಲ್‌ನ, ಎರಡು ತುದಿಗೂ ಒಂದೊಂದು ಯಂತ್ರ ಬಂದು ಕಚ್ಚಿಕೊಳ್ಳುತ್ತದೆ. ಒಂದು ಕಡೆಯಿಂದ ಹೊಸ ಇಂಧನ ತಳ್ಳುತ್ತದೆ, ಇನ್ನೊಂದು ಕಡೆ ಹಳೆಯದು ಹೊರಗೆ ಬರುತ್ತದೆ. ಇಲ್ಲಿನ ಒಂದು ಇಂಧನದ ಕಟ್ಟು ಅರ್ಧ ಮೀಟರ್ ಉದ್ದ, ಸುಮಾರು 24 ಕಿಲೋ ತೂಕ. ಡಾರ್ಲಿಂಗ್ಟನ್‌ನ ಒಂದು ರಿಯಾಕ್ಟರ್‌ನಲ್ಲಿ 480 ಚಾನಲ್, ಒಂದೊಂದರಲ್ಲಿ 13 ಕಟ್ಟು. ಕೈಗಾದಲ್ಲಿ ಚಾನಲ್‌ಗಳು 306. ಅಲ್ಲಿನ ಯೂನಿಟ್ 220 ಮೆಗಾವ್ಯಾಟ್, ಇಲ್ಲಿನದು ಅದರ ನಾಲ್ಕು ಪಟ್ಟು.

ರಾಜಸ್ಥಾನದ ರಾವತ್‌ಭಾಟಾದಲ್ಲಿ ಮೊದಲನೇ ಭಾರಜಲ ಯೂನಿಟ್ ಕಟ್ಟಿದ್ದು ಕೆನಡಾದ ಸಹಕಾರದಿಂದ. 1974ರ ಪೋಖ್ರಾನ್ ಪರೀಕ್ಷೆ ಆದ ಮೇಲೆ ಕೆನಡಾ ಕೈ ಬಿಟ್ಟಿತು. ಮುಂದಿನದ್ದನ್ನೆಲ್ಲ ನಮ್ಮ ಎಂಜಿನಿಯರ್‌ಗಳು ತಾವೇ ಬೆಳೆಸಿದರು. ಹಾಗಾಗಿ ನಾನು ಇಲ್ಲಿಗೆ ಬಂದಾಗ ಬುಡ ಗೊತ್ತಿತ್ತು, ಕೊಂಬೆಗಳು ಬೇರೆ. ಶಕ್ತಿ ಹೆಚ್ಚು ಕಡಿಮೆ ಮಾಡಲು ಕೈಗಾದಲ್ಲಿ ರಾಡ್‌ಗಳಿವೆ. ಇಲ್ಲಿ ರಿಯಾಕ್ಟರ್ ಒಳಗೆ 14 ವಲಯಗಳಲ್ಲಿ ಸಾದಾ ನೀರಿನ ಮಟ್ಟ ಏರಿಸಿ ಇಳಿಸಿ ಹದ ಮಾಡುತ್ತಾರೆ. ಅಲ್ಲಿ ಪ್ರತಿ ರಿಯಾಕ್ಟರ್‌ಗೆ ಎರಡು ಗೋಡೆಯ ಗುಮ್ಮಟ. ಇಲ್ಲಿ ನಾಲ್ಕೂ ಯೂನಿಟ್‌ಗೆ ಸೇರಿ ಒಂದು ದೊಡ್ಡ ಕಾಂಕ್ರೀಟ್ ಕಟ್ಟಡ, ಒಳಗೆ ಗಾಳಿಯನ್ನೇ ತೆಗೆದು ಇಟ್ಟಿರುತ್ತಾರೆ. ಎಲ್ಲಾದರೂ ಪೈಪ್ ಒಡೆದು ಉಗಿ ನುಗ್ಗಿದರೆ ಅದನ್ನು ಎಳೆದುಕೊಳ್ಳಲಿಕ್ಕೆ. ಆ ಕಟ್ಟಡದ ಒಳಗೆ ಹೋಗಿ ಪರೀಕ್ಷೆ ಮಾಡಬೇಕಾದರೆ ನಾಲ್ಕೂ ಯೂನಿಟ್ ನಿಲ್ಲಿಸಬೇಕು.

ಬಂದ ತಕ್ಷಣ ಪ್ಯಾನಲ್ ಮುಂದೆ, ಅಂದರೆ ಕಂಟ್ರೋಲ್ ರೂಮಿನ ಮೀಟರ್, ಸ್ವಿಚ್‌ಗಳ ಫಲಕದ ಮುಂದೆ, ಕೂರಿಸುತ್ತಾರೆ ಅಂದುಕೊಳ್ಳಬೇಡಿ. ಅಲ್ಲಿ ಕೂರಲು ಬೇಕಾದ ಲೈಸೆನ್ಸ್ ಡ್ರೈವಿಂಗ್ ಲೈಸೆನ್ಸ್ ಥರ ಅಲ್ಲ. ಯಾವ ಸ್ಥಾವರದ್ದೋ ಆ ಸ್ಥಾವರಕ್ಕೆ ಮಾತ್ರ. ಕೈಗಾದ ಅನುಭವ ಕೆಲಸ ಸಿಗಲು ಸಹಾಯ ಆಯಿತು, ಆದರೆ ಇಲ್ಲಿ ಮತ್ತೆ ಫೀಲ್ಡ್‌ನಿಂದ ಶುರು. ಅಂದರೆ ಕಂಟ್ರೋಲ್ ರೂಮಿನ ಹೊರಗೆ, ಪಂಪು, ವಾಲ್ವು, ಬ್ರೇಕರ್ ನಡುವೆ ಓಡಾಡುವ ಕೆಲಸ. ವರ್ಷಗಟ್ಟಲೆ ಅದನ್ನು ಮಾಡಿ, ಆಮೇಲೆ ಆಯ್ಕೆಯಾದರೆ ತರಗತಿ, ಸಿಮ್ಯುಲೇಟರ್, ಲಿಖಿತ ಪರೀಕ್ಷೆ, ಪ್ಯಾನಲ್ ಪರೀಕ್ಷೆ. ಕೊನೆಗೆ ಇಲ್ಲಿನ ಅಣು ಸುರಕ್ಷತಾ ಆಯೋಗ ಸರ್ಟಿಫಿಕೇಟ್ ಕೊಡುತ್ತದೆ. ಅದೂ ಐದು ವರ್ಷಕ್ಕೆ. ಆಮೇಲೆ ಮತ್ತೆ ನವೀಕರಣ. ಮಧ್ಯೆ ಸಿಮ್ಯುಲೇಟರ್ ತಪ್ಪೋದೇ ಇಲ್ಲ. ಫೀಲ್ಡ್‌ಗೆ ಮರಳಿದ್ದಕ್ಕೆ ನನಗೆ ಬೇಸರ ಇಲ್ಲ. ಒಂದು ವಾಲ್ವ್ ತಿರುಗಿಸಲು ಎಷ್ಟು ಮೆಟ್ಟಿಲು ಹತ್ತಬೇಕು ಅಂತ ಗೊತ್ತಿರುವವನು ಪ್ಯಾನಲ್‌ನಲ್ಲಿ ಕೂತಾಗ ಫೀಲ್ಡ್‌ನವನಿಗೆ ಸಮಯ ಕೊಡುತ್ತಾನೆ.

ಇನ್ನು ಪ್ಯಾನಲ್ ಕೆಲಸ. ನಾಲ್ಕೂ ಯೂನಿಟ್‌ಗೆ ಒಂದೇ ದೊಡ್ಡ ಕಂಟ್ರೋಲ್ ರೂಮ್. ಒಂದೊಂದು ಯೂನಿಟ್‌ಗೆ ಒಬ್ಬ ಸರ್ಟಿಫೈಡ್ ಆಪರೇಟರ್. ರಿಯಾಕ್ಟರನ್ನು ಕ್ಷಣಕ್ಷಣಕ್ಕೂ ನಡೆಸುವುದು ಎರಡು ಕಂಪ್ಯೂಟರ್‌ಗಳು, ಒಂದು ಕೆಟ್ಟರೆ ಇನ್ನೊಂದು. ಹಾಗಾದರೆ ನೀವು ಏನು ಮಾಡ್ತೀರಿ ಅಂತ ಊರಿಗೆ ಬಂದಾಗ ಕೇಳುತ್ತಾರೆ. ನೋಡ್ತೇವೆ. ಇದೇ ನಿಜವಾದ ಉತ್ತರ. 12 ಗಂಟೆ ನೋಡ್ತೇವೆ.

ನೋಡೋದು ಅಂದರೆ ಸುಮ್ನೆ ಕೂರೋದಲ್ಲ. ಶಿಫ್ಟ್ ಬದಲಾಗುವಾಗ ಹೋಗುವವನು ಬರುವವನಿಗೆ ಪ್ಯಾನಲ್ ಮುಂದೆ ನಿಂತು ಎಲ್ಲ ಒಪ್ಪಿಸುತ್ತಾನೆ. ಯಾವ ಪಂಪ್ ರಿಪೇರಿಯಲ್ಲಿದೆ, ಯಾವ ಅಲಾರಂ ಹಳೆಯದು, ರಾತ್ರಿ ಏನು ಪರೀಕ್ಷೆ ಇದೆ. ಬಂದವನು ತಾನೇ ಮೀಟರ್‌ಗಳನ್ನು ಒಂದೊಂದಾಗಿ ನೋಡಿ, ತನಗೆ ಸಮಾಧಾನ ಆದ ಮೇಲೆ "ಯೂನಿಟ್ ನನ್ನದು" ಅನ್ನುತ್ತಾನೆ. ಅಲ್ಲಿಯವರೆಗೆ ಹಳಬ ಕುರ್ಚಿ ಬಿಡೋ ಹಾಗಿಲ್ಲ.

ಫೀಲ್ಡ್‌ನಲ್ಲಿರುವವರ ಜೊತೆ ಮಾತಾಡೋದಕ್ಕೂ ಕ್ರಮ ಇದೆ. ನಾನು ಫೋನಿನಲ್ಲಿ, "ಯೂನಿಟ್ 2, ಪಂಪ್ ಬ್ರಾವೊ, ಸ್ಟಾರ್ಟ್ ಮಾಡು" ಅಂತೀನಿ. ಆ ಕಡೆ ಫೀಲ್ಡ್‌ನಲ್ಲಿರುವವಳು ತಕ್ಷಣ ಕೆಲಸ ಶುರು ಮಾಡಲ್ಲ. ಮೊದಲು ನನ್ನ ಮಾತನ್ನೇ ವಾಪಸ್ ಹೇಳುತ್ತಾಳೆ. ನಾನು "ಸರಿ" ಅಂದ ಮೇಲೆಯೇ ಕೈ ಹೋಗೋದು. ಬಿ ಮತ್ತು ಡಿ ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ, ಅದಕ್ಕೆ ಬ್ರಾವೊ, ಡೆಲ್ಟಾ. ನಾನೇ ಪ್ಯಾನಲ್‌ನ ಸ್ವಿಚ್ ಮುಟ್ಟುವಾಗಲೂ ಹೀಗೆ. ಮುಖ್ಯವಾದ ಕೆಲಸಕ್ಕೆ ಪಕ್ಕದಲ್ಲಿ ಇನ್ನೊಬ್ಬ ನಿಂತಿರುತ್ತಾನೆ. ನಾನು ಸ್ವಿಚ್ ಮೇಲೆ ಬೆರಳಿಟ್ಟು ಅದರ ಹೆಸರು ಓದುತ್ತೇನೆ. ಅವನು ಕೈಲಿರುವ ಪ್ರೊಸೀಜರ್ ನೋಡಿ ಹೂಂ ಅಂದರೆ ಮಾತ್ರ ತಿರುಗಿಸೋದು.

ಕೈಗಾದಲ್ಲಿ ಎಲ್ಲರಿಗೂ "ಸಾರ್" ಅನ್ನುತ್ತಿದ್ದೆ. ಇಲ್ಲಿ ಶಿಫ್ಟ್ ಮ್ಯಾನೇಜರ್‌ಗೂ ಹೆಸರು ಹಿಡಿದು ಕರೆಯೋದು. ಶುರುವಿನಲ್ಲಿ ನಾಲಿಗೆ ತಡವರಿಸುತ್ತಿತ್ತು. ಆದರೆ ನಿಲ್ಲಿಸು ಅನ್ನುವ ಹಕ್ಕು ಎಲ್ಲರಿಗೂ ಇರೋದು ಎರಡೂ ಕಡೆ ಒಂದೇ. ನಿನ್ನೆ ಸೇರಿದ ಹುಡುಗ "ತಡೀರಿ, ನನಗೆ ಇದು ಅರ್ಥ ಆಗ್ಲಿಲ್ಲ" ಅಂದರೂ ಕೆಲಸ ನಿಲ್ಲುತ್ತದೆ.

ಈ ನಿಲ್ಲಿಸುವ ವಿಷಯವನ್ನೇ ಸ್ವಲ್ಪ ಜಾಸ್ತಿ ಹೇಳಬೇಕು. ನನ್ನ ಪ್ರಕಾರ ಈ ಕೆಲಸದ ಜೀವಾಳ ಅದೇ.

ಯುರೇನಿಯಂ ಒಡೆದಾಗ ಹುಟ್ಟುವ ವಸ್ತುಗಳಲ್ಲಿ ಅಯೋಡಿನ್-135 ಒಂದು. ಅದು ಕೆಲವು ಗಂಟೆಗಳಲ್ಲಿ ಕ್ಸೆನಾನ್-135 ಆಗುತ್ತದೆ. ಈ ಕ್ಸೆನಾನ್ ನ್ಯೂಟ್ರಾನ್‌ಗಳನ್ನು ವಿಪರೀತ ನುಂಗುತ್ತದೆ. ರಿಯಾಕ್ಟರ್ ಓಡುತ್ತಿರುವಾಗ ತೊಂದರೆ ಇಲ್ಲ, ಹುಟ್ಟಿದಷ್ಟು ಕ್ಸೆನಾನ್ ಕರಗುತ್ತಲೂ ಇರುತ್ತದೆ. ರಿಯಾಕ್ಟರ್ ಟ್ರಿಪ್ ಆದರೆ, ಅಂದರೆ ತಟ್ಟನೆ ನಿಂತುಬಿಟ್ಟರೆ, ಕರಗೋದು ಕಡಿಮೆಯಾಗುತ್ತದೆ, ಆದರೆ ಉಳಿದ ಅಯೋಡಿನ್‌ನಿಂದ ಹುಟ್ಟೋದು ಮುಂದುವರಿಯುತ್ತದೆ. ಸಹಜ ಯುರೇನಿಯಂನಲ್ಲಿ ಇದನ್ನು ಮೀರುವ ಕಸುವು ಕಡಿಮೆ. ಹಾಗಾಗಿ ಟ್ರಿಪ್ ಆದ ಮೇಲೆ ಸುಮಾರು ಅರ್ಧ ಗಂಟೆಯೊಳಗೆ ಮತ್ತೆ ಎಬ್ಬಿಸಿದರೆ ಎಬ್ಬಿಸಿದಂತೆ. ಇಲ್ಲವಾದರೆ ಕ್ಸೆನಾನ್ ಇಳಿಯುವವರೆಗೆ ಕಾಯಬೇಕು, ಸುಮಾರು ಒಂದೂವರೆ ದಿನ.

ಸಿಮ್ಯುಲೇಟರ್‌ನಲ್ಲಿ ಒಮ್ಮೆ ಹೀಗೇ ಕೊಟ್ಟರು. ಮೊದಲ ಶಟ್‌ಡೌನ್ ವ್ಯವಸ್ಥೆಯ ರಾಡ್‌ಗಳು ಬಿದ್ದವು. ಅವು ಬೀಳಲು ಸುಮಾರು ಎರಡು ಸೆಕೆಂಡ್ ಸಾಕು. ಅಲಾರಂಗಳು ಸಾಲುಗಟ್ಟಿ ಬಂದವು. ಎರಡನೇ ವ್ಯವಸ್ಥೆ ಗ್ಯಾಡೊಲಿನಿಯಂ ದ್ರಾವಣವನ್ನು ನೇರ ಭಾರಜಲಕ್ಕೆ ಚಿಮ್ಮಿಸುತ್ತದೆ. ಅದೂ ಹಾರಿದ್ದರೆ ಅರ್ಧ ಗಂಟೆಯ ಮಾತೇ ಇರುತ್ತಿರಲಿಲ್ಲ, ಆದರೆ ಹಾರಿರಲಿಲ್ಲ. ಹಾಗಾಗಿ ಗಡಿಯಾರ ಓಡುತ್ತಿತ್ತು. ಇಪ್ಪತ್ತು ನಿಮಿಷ ಕಳೆಯುವಾಗ ಒಂದು ಕಾರಣ ಕಣ್ಣಿಗೆ ಬಿತ್ತು. ಅಳತೆ ಕಳಿಸುವ ಒಂದು ಟ್ರಾನ್ಸ್‌ಮಿಟರ್ ಸುಳ್ಳು ಸಂಕೇತ ಕೊಟ್ಟ ಹಾಗಿತ್ತು. ಹಾಗಿತ್ತು ಅಷ್ಟೇ, ಖಾತ್ರಿ ಇರಲಿಲ್ಲ. ಎಲ್ಲರ ಕಣ್ಣೂ ಶಿಫ್ಟ್ ಸೂಪರ್‌ವೈಸರ್ ಮೇಲೆ. ಅವರು ಗಡಿಯಾರ ನೋಡಲೇ ಇಲ್ಲ. "ಬಿಟ್ಟುಬಿಡೋಣ" ಅಂದರು. ಒಂದು ಪೂರ್ತಿ ಯೂನಿಟ್ ಒಂದೂವರೆ ದಿನ ಕರೆಂಟ್ ಕೊಡಲ್ಲ, ಕೊಡದಿರಲಿ. ಆಮೇಲೆ ತರಬೇತಿದಾರರು ಕರೆಂಟಿನ ಲೆಕ್ಕ ಕೇಳಲಿಲ್ಲ. ಖಾತ್ರಿ ಮಾಡಿಕೊಳ್ಳಲು ಇನ್ನೇನು ನೋಡಬಹುದಿತ್ತು ಅಂತ ಮಾತ್ರ ಕೇಳಿದರು. ಅಂಥ ಸೂಪರ್‌ವೈಸರ್ ಕೆಳಗೆ ಕೆಲಸ ಮಾಡೋದು ನನ್ನ ಭಾಗ್ಯ.

ಇಲ್ಲಿನ ಹಿರಿಯರು 2003ರ ಆಗಸ್ಟ್ 14ರ ಕತೆಯನ್ನೂ ಹೇಳುತ್ತಿರುತ್ತಾರೆ. ಅವತ್ತು ಸಂಜೆ ನಾಲ್ಕು ದಾಟಿದ ಮೇಲೆ ಅಮೆರಿಕದ ಈಶಾನ್ಯ ಭಾಗ ಮತ್ತು ಒಂಟಾರಿಯೊದಲ್ಲಿ ಸುಮಾರು 5 ಕೋಟಿ ಜನರಿಗೆ ಕರೆಂಟ್ ಹೋಯಿತು. ಒಹಾಯೊದಲ್ಲಿ ತಂತಿಗಳು ಮರಕ್ಕೆ ತಾಗಿದ್ದವು. ಅಲ್ಲಿನ ಒಂದು ವಿದ್ಯುತ್ ಕಂಟ್ರೋಲ್ ರೂಮಿನಲ್ಲಿ ಅಲಾರಂ ಸಾಫ್ಟ್‌ವೇರ್ ಕೆಟ್ಟಿತ್ತು, ಕೂತಿದ್ದವರಿಗೆ ಅದು ಗೊತ್ತೇ ಆಗಲಿಲ್ಲ. ಅಲಾರಂ ಇಲ್ಲ, ಎಲ್ಲ ಸರಿ ಇದೆ ಅಂದುಕೊಂಡರು. ನಾವು ಅಲಾರಂ ಬರಲಿ ಬಿಡಲಿ ಎದ್ದು ಪ್ಯಾನಲ್ ಉದ್ದಕ್ಕೂ ನಡೆದು ಮೀಟರ್ ನೋಡೋದು ಇದಕ್ಕೇ. ಅವತ್ತು ಒಂಟಾರಿಯೊದ ನಾಲ್ಕು ರಿಯಾಕ್ಟರ್‌ಗಳು, ಬ್ರೂಸ್ ಅನ್ನುವ ಇನ್ನೊಂದು ಸ್ಥಾವರದ ಮೂರು ಮತ್ತು ಡಾರ್ಲಿಂಗ್ಟನ್‌ನ ಒಂದು, ಆರಿಹೋಗಲಿಲ್ಲ. ಗ್ರಿಡ್ ಇಲ್ಲದಿದ್ದರೂ ಉಗಿಯನ್ನು ಟರ್ಬೈನ್ ಬದಲು ನೇರ ಅದನ್ನು ತಣಿಸಿ ನೀರು ಮಾಡುವ ಕಂಡೆನ್ಸರ್‌ಗೆ ಬಿಟ್ಟು, ಶೇ. 60ರ ಶಕ್ತಿಯಲ್ಲಿ ಗಂಟೆಗಟ್ಟಲೆ ಕಾದು ನಿಂತವು. ಕ್ಸೆನಾನ್ ಏರದ ಹಾಗೆ. ಒಂಟಾರಿಯೊಗೆ ಕರೆಂಟ್ ವಾಪಸ್ ತರುವಾಗ ಕೈ ಹಿಡಿದದ್ದು ಇವೇ. ಈ ಪ್ರಾಂತ್ಯದ ಸುಮಾರು ಅರ್ಧದಷ್ಟು ಕರೆಂಟ್ ಅಣುಶಕ್ತಿಯಿಂದಲೇ ಬರೋದು. ಕಲ್ಲಿದ್ದಲು ಸುಡೋದನ್ನು 2014ರಲ್ಲೇ ಪೂರ್ತಿ ಬಿಟ್ಟಿದ್ದಾರೆ.

ಅಮ್ಮ ಅಂಕೋಲಾದಿಂದ ಫೋನ್ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ. "ತಮ್ಮಾ, ಆ ರೇಡಿಯೇಶನ್ ಮೈಗೆ ತಾಗೂದಿಲ್ವಾ?" ಸ್ವಲ್ಪ ತಾಗುತ್ತದೆ ಅಮ್ಮಾ, ಅಳತೆ ಇದೆ ಅಂತ ನಿಜವನ್ನೇ ಹೇಳುತ್ತೇನೆ. ಭಾರತದಲ್ಲಿ ಕೆಲಸಗಾರನಿಗೆ ವರ್ಷಕ್ಕೆ 30 ಮಿಲಿಸೀವರ್ಟ್ (ಮೈಗೆ ತಾಗಿದ ರೇಡಿಯೇಶನ್‌ನ ಅಳತೆ) ಮಿತಿ, ಇಲ್ಲಿ 50. ಐದು ವರ್ಷಕ್ಕೆ ಸೇರಿ ಎರಡೂ ಕಡೆ 100. ಪ್ಯಾನಲ್‌ನಲ್ಲಿ ಕೂರುವವನಿಗೆ ಅದರ ಹತ್ತಿರವೂ ಹೋಗಲ್ಲ. ಭಾರಜಲದ ಸ್ಥಾವರದಲ್ಲಿ ಟ್ರಿಟಿಯಂ ಅನ್ನೋ ವಿಕಿರಣ ಸೂಸುವ ಹೈಡ್ರೋಜನ್ ಇರುತ್ತದೆ, ಉಸಿರಿನಲ್ಲಿ, ಚರ್ಮದ ಮೂಲಕ ಒಳಗೆ ಹೋಗಬಹುದು. ಅದಕ್ಕೆ ನಾವೆಲ್ಲ ತಪ್ಪದೆ ಮೂತ್ರದ ಸ್ಯಾಂಪಲ್ ಕೊಡುತ್ತೇವೆ. ಕೈಗಾದಲ್ಲೂ ಕೊಡುತ್ತಿದ್ದೆವು. ಹೊರಗೆ ಬರುವಾಗ ಅಡಿಯಿಂದ ಮುಡಿಯವರೆಗೆ ನೋಡುವ ಯಂತ್ರದ ಒಳಗೆ ನಿಲ್ಲಬೇಕು. ಅದು ಹೂಂ ಅಂದರೆ ಮಾತ್ರ ಮನೆ ದಾರಿ.

ಅಮ್ಮನ ಭಯವನ್ನು ನಾನು ಹಗುರವಾಗಿ ತಗೊಳ್ಳಲ್ಲ. ನಮ್ಮ ಜಿಲ್ಲೆಯಲ್ಲಿ ಕೈಗಾ ವಿರುದ್ಧ ದೊಡ್ಡ ಚಳವಳಿ ನಡೆದಿತ್ತು. ಶಿವರಾಮ ಕಾರಂತರು ಆ ಇಳಿವಯಸ್ಸಿನಲ್ಲಿ 1989ರ ಲೋಕಸಭಾ ಚುನಾವಣೆಗೆ ನಿಂತದ್ದು ಇದೇ ವಿಷಯಕ್ಕೆ. ನಾನು ಆ ಸ್ಥಾವರದಲ್ಲೇ ಅನ್ನ ತಿಂದವನು, ಅವರ ನಿಲುವು ನನ್ನದಲ್ಲ. ಆದರೆ ಅವರು ಕೇಳಿದ ಪ್ರಶ್ನೆಗಳು ಕೇಳಬೇಕಾದವೇ ಆಗಿದ್ದವು. ಡಾರ್ಲಿಂಗ್ಟನ್ ಸುತ್ತ 10 ಕಿಲೋಮೀಟರ್ ಒಳಗಿನ ಪ್ರತಿ ಮನೆಗೂ 2015ರಲ್ಲಿ ಅಯೋಡೈಡ್ ಮಾತ್ರೆ ಹಂಚಿದರು. ಅವಘಡ ಆದರೆ ಥೈರಾಯ್ಡ್ ಕಾಪಾಡಲಿಕ್ಕೆ. ನಮ್ಮ ಮನೆಯ ಡ್ರಾಯರ್‌ನಲ್ಲೂ ಇದೆ. ಅಕ್ಕಪಕ್ಕದವರಿಗೆ ಮುಚ್ಚುಮರೆ ಇಲ್ಲದೆ ಹೇಳಿ, ಮಾತ್ರೆಯನ್ನೂ ಕೈಗೆ ಕೊಡುವುದು ಸರಿಯಾದ ಕ್ರಮ ಅಂತ ನನಗೆ ಅನ್ನಿಸುತ್ತದೆ.

ಮನೆಯವರಿಗೆ ಕಷ್ಟ ಆಗೋದು ರೇಡಿಯೇಶನ್‌ನಿಂದಲ್ಲ, ಶಿಫ್ಟ್‌ನಿಂದ. ಹಗಲು 12 ಗಂಟೆ, ಆಮೇಲೆ ರಾತ್ರಿ 12 ಗಂಟೆ. ಮಗಳ ಶಾಲೆಯ ಕಾರ್ಯಕ್ರಮ, ಕನ್ನಡ ಸಂಘದ ರಾಜ್ಯೋತ್ಸವ, ದೀಪಾವಳಿ, ಎಲ್ಲ ರೋಸ್ಟರ್ ನೋಡಿಯೇ. ಸ್ಥಾವರದಲ್ಲಿ ಯಾವಾಗಲೂ ಇಂತಿಷ್ಟು ಜನ ಇರಲೇಬೇಕು ಅಂತ ಲೈಸೆನ್ಸ್ ಹೇಳುತ್ತದೆ. ಜನವರಿಯಲ್ಲಿ ಹಿಮಗಾಳಿ ಬೀಸಿ ಹೆದ್ದಾರಿ ಮುಚ್ಚಿದರೆ, ಮುಂದಿನವನು ಬರುವವರೆಗೆ ನಾನು ಕುರ್ಚಿ ಬಿಡುವಂತಿಲ್ಲ. ಅಂಥ ದಿನ ಹೆಂಡತಿ ಡಬ್ಬಿಗೆ ಎರಡು ಹೊತ್ತಿನ ಊಟ ತುಂಬಿ ಕಳಿಸುತ್ತಾಳೆ, ಜೊತೆಗೆ ಪಕ್ಕದ ಯೂನಿಟ್‌ನವನಿಗೂ ಅಂತ ನಾಲ್ಕು ಚಪಾತಿ ಜಾಸ್ತಿ.

ಈಚೆಗೆ ಊರಿನ ಹುಡುಗರು, ಕೆಲವು ಹುಡುಗಿಯರು ಕೂಡ, ಕೆನಡಾಕ್ಕೆ ಬರೋದು ಹೇಗೆ ಅಂತ ಕೇಳುತ್ತಿದ್ದಾರೆ. ಬರಬಹುದು, ದಾರಿ ಇದೆ. ಆದರೆ ನಾನು ಮೊದಲು ಹೇಳೋದು ಬೇರೆ. ಕೈಗಾದಲ್ಲಿ ತಲಾ 700 ಮೆಗಾವ್ಯಾಟ್‌ನ ಐದು ಮತ್ತು ಆರನೇ ಯೂನಿಟ್ ಬರಲಿವೆ. ಅವುಗಳಲ್ಲಿ 392 ಚಾನಲ್, 37 ಕಡ್ಡಿಯ ಇಂಧನ ಕಟ್ಟು, ನೀರಿನ ವಲಯಗಳಿಂದ ಶಕ್ತಿ ಹದ ಮಾಡುವ ವ್ಯವಸ್ಥೆ. ಹೆಚ್ಚುಕಮ್ಮಿ ನಾನು ಇಲ್ಲಿ ದಿನಾ ನೋಡುವಂಥದ್ದೇ. ಅವಕ್ಕೆ ಆಪರೇಟರ್‌ಗಳು ಬೇಕು, ಒಬ್ಬ ಆಪರೇಟರ್ ತಯಾರಾಗಲು ವರ್ಷಗಳು ಬೇಕು. ಫೀಲ್ಡ್ ಕೆಲಸ ಕೊಟ್ಟರೆ ಬೇಡ ಅನ್ನಬೇಡಿ. ಎರಡು ಮಳೆಗಾಲ ಆ ಪೈಪುಗಳ ನಡುವೆ ಓಡಾಡಿ, ಆಮೇಲೆ ನನಗೆ ಬರೆಯಿರಿ.