ಫೀಸು ಕಟ್ಟುವ ದಿನ ಬೇರೆ, ದುಡ್ಡು ಬರುವ ದಿನ ಬೇರೆ

ಕೊಪ್ಪಳ, 18 ಸೆಪ್ಟೆಂಬರ್ 2025, ಗುರುವಾರ

ನಿನ್ನೆ ಕಲ್ಯಾಣ ಕರ್ನಾಟಕ ಉತ್ಸವ. ಧ್ವಜಾರೋಹಣ ಮುಗಿಸಿ ಎಲ್ಲರೂ ಮನೆಗೆ ಹೋಗಿದ್ದೆವು. ನಿನ್ನೆಯ ಕೆಲಸವೂ ಸೇರಿ ಇವತ್ತೇ ಬಂತು. ಬೆಳಿಗ್ಗೆ ಹತ್ತಕ್ಕೇ ಸ್ಟಾಫ್ ರೂಮಿನ ಬಾಗಿಲಲ್ಲಿ ಹದಿನೈದು ಹುಡುಗಿಯರು, ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಫೈಲು. ಅಜೀಂ ಪ್ರೇಮ್‌ಜಿ ಫೌಂಡೇಶನ್ ವಿದ್ಯಾರ್ಥಿವೇತನದ ಅರ್ಜಿ ನಡೆದಿದೆ. ಇದೇ 30ಕ್ಕೆ ಕೊನೆ.

ವರ್ಷಕ್ಕೆ 30,000 ರೂಪಾಯಿ. ಹತ್ತನೇ ತರಗತಿ, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿ, ಈ ವರ್ಷ ಡಿಗ್ರಿ ಅಥವಾ ಡಿಪ್ಲೊಮಾ ಮೊದಲ ವರ್ಷಕ್ಕೆ ಸೇರಿದ ಹುಡುಗಿಯರಿಗೆ. ನಮ್ಮ ಕಾಲೇಜಿನ ಮಟ್ಟಿಗೆ ಇದು ದೊಡ್ಡ ಮೊತ್ತ. ಫೀಸು, ಪುಸ್ತಕ, ಪರೀಕ್ಷೆ ಶುಲ್ಕ ಎಲ್ಲ ಕಳೆದು ಮನೆಗೂ ಸ್ವಲ್ಪ ಉಳಿಯುತ್ತದೆ.

ಮಧ್ಯಾಹ್ನ ಬಂದ ಒಬ್ಬಳ ವಿಷಯ ಬರೆಯಬೇಕು. ಭಾಗ್ಯನಗರದವಳು. ಅವಳ ಅವ್ವ ಕೂದಲಿನ ಕೆಲಸಕ್ಕೆ ಹೋಗುತ್ತಾರೆ. ಭಾಗ್ಯನಗರದಲ್ಲಿ ಅದು ದೊಡ್ಡ ವ್ಯಾಪಾರ. ಸಿಕ್ಕುಗಟ್ಟಿದ ಕೂದಲಿನ ಉಂಡೆ ತಂದು ಎಳೆ ಎಳೆಯಾಗಿ ಬಿಡಿಸಿ, ಉದ್ದದ ಪ್ರಕಾರ ಬೇರೆ ಮಾಡಿ ಕಟ್ಟುತ್ತಾರೆ. ಸಂಜೆ ಇವಳೂ ಅವ್ವನ ಜೊತೆ ಬಿಡಿಸಲು ಕೂರುತ್ತಾಳೆ. ಫೈಲಿನಿಂದ ಮಾರ್ಕ್ಸ್ ಕಾರ್ಡ್ ಎಳೆದಾಗ ಅದರ ಜೊತೆಗೇ ಒಂದು ಉದ್ದನೆ ಕೂದಲು ಬಂತು. ಅವಳು ಬಿಸಾಡಲಿಲ್ಲ. ಎರಡು ಬೆರಳಲ್ಲಿ ಹಿಡಿದು, ತೋರುಬೆರಳಿಗೆ ಸುತ್ತಿ, ಬ್ಯಾಗಿನ ಸಣ್ಣ ಖಾನೆಗೆ ಹಾಕಿಕೊಂಡಳು. ನನಗೆ ಮಾತೇ ಬರಲಿಲ್ಲ.

"ಅಡ್ಮಿಷನ್ ಫೀಸು ಹೆಂಗ ಕಟ್ಟಿದಿ ತಂಗಿ?" ಅಂತ ಕೇಳಿದೆ.

"ಅವ್ವ ಸಂಘದಾಗ ಸಾಲ ತಗೊಂಡಾಳ್ರೀ ಮೇಡಂ. ವಾರಾ ವಾರಾ ತುಂಬಾಕತ್ತೇವಿ."

ಇದೇ ನನ್ನ ದೊಡ್ಡ ಸಂಕಟ. ಫೀಸು ಕಟ್ಟುವುದು ಅಡ್ಮಿಷನ್ ದಿನ. ಯಾವ ವಿದ್ಯಾರ್ಥಿವೇತನವಾದರೂ ಬರುವುದು ಆಮೇಲೆ. ಅರ್ಜಿ, ಪರಿಶೀಲನೆ, ಖಾತೆ ಜೋಡಣೆ ಅಂತ ತಿಂಗಳುಗಳು ಹೋಗುತ್ತವೆ. ಅಷ್ಟರೊಳಗೆ ಮನೆಯವರು ಸಾಲ ಮಾಡಿರುತ್ತಾರೆ, ಇಲ್ಲವೇ ಹುಡುಗಿಯನ್ನು ಕಾಲೇಜಿಗೇ ಸೇರಿಸಿರುವುದಿಲ್ಲ. ಸೇರದೇ ಹೋದವಳ ಅರ್ಜಿ ನನ್ನ ಮೇಜಿಗೆ ಬರುವುದೇ ಇಲ್ಲ, ಅಲ್ವಾ?

ಈ ಕೊರತೆ ತುಂಬಬೇಕಾದದ್ದು ಕಾಲೇಜಿನ ದತ್ತಿ. ನಮ್ಮಲ್ಲೊಂದು ಇದೆ. 1998ರಲ್ಲಿ ನಿವೃತ್ತರಾದ ಮೇಷ್ಟ್ರೊಬ್ಬರು 25,000 ರೂಪಾಯಿ ಠೇವಣಿ ಇಟ್ಟಿದ್ದರು. ಅಸಲು ಮುಟ್ಟಬಾರದು, ಬಡ್ಡಿಯಲ್ಲಿ ಒಬ್ಬ ಬಡ ವಿದ್ಯಾರ್ಥಿಗೆ ಕೊಡಬೇಕು. ಆಗ ಶೇ 12ರ ಬಡ್ಡಿ, ವರ್ಷಕ್ಕೆ 3,000 ಬರುತ್ತಿತ್ತು. ಒಬ್ಬರ ವರ್ಷದ ಓದು ಅದರಲ್ಲೇ ಮುಗಿಯುತ್ತಿತ್ತು ಎಂದು ಆಫೀಸಿನ ಹಿರಿಯರು ಹೇಳುತ್ತಾರೆ. ಈಗ ಶೇ ಆರೂವರೆ ಅಂದರೂ 1,625 ರೂಪಾಯಿ. ಬಡ್ಡಿ ಅರ್ಧ ಆಯಿತು, ಖರ್ಚು ಹಲವು ಪಟ್ಟು ಆಯಿತು. ಅಸಲು ಹಾಗೇ ಇದ್ದರೂ ದತ್ತಿ ಕರಗಿದೆ. ವರ್ಷಕ್ಕೊಮ್ಮೆ ಬಡ್ಡಿಯಲ್ಲಿ ಸ್ವಲ್ಪ ಅಸಲಿಗೆ ಸೇರಿಸಿದ್ದರೆ ಇಷ್ಟಾಗುತ್ತಿರಲಿಲ್ಲ. ಚಹಾದ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಇದನ್ನೇ ಎತ್ತಿದೆ. ತಿಂಗಳಿಗೆ ತಲಾ 500 ಹಾಕೋಣ, ಜೂನ್‌ನಲ್ಲಿ ಅಡ್ಮಿಷನ್ ಕೌಂಟರ್‌ನಲ್ಲೇ ಫೀಸಿಗೆ ಜಮಾ ಮಾಡೋಣ ಎಂದೆ. ಆರು ಜನ ಒಪ್ಪಿದರು. ಮುಂದಿನ ವಾರ ಪ್ರಿನ್ಸಿಪಾಲರ ಹತ್ತಿರ ಹೋಗಬೇಕು.

ಒಂದು ಷರತ್ತು ಮಾತ್ರ ನಾನು ಹಾಕಿದೆ. ವೇದಿಕೆ ಬೇಡ. ಮೂರು ವರ್ಷದ ಹಿಂದೆ ಒಂದು ಕಡೆ ರಟ್ಟಿನ ದೊಡ್ಡ ಚೆಕ್ ಹಿಡಿಸಿ ಫೋಟೋ ತೆಗೆದರು. ಹುಡುಗಿಯ ಅಪ್ಪ ಏನು ಕೆಲಸ ಮಾಡುತ್ತಾರೆ, ಮನೆಯಲ್ಲಿ ಎಷ್ಟು ಕಷ್ಟ ಅಂತ ಮೈಕ್‌ನಲ್ಲಿ ಓದಿದರು. ಅವಳು ಒಂದು ವಾರ ಕ್ಲಾಸಿಗೆ ಬರಲಿಲ್ಲ. ಕೊಟ್ಟವರ ಮನಸ್ಸು ಒಳ್ಳೆಯದೇ ಇತ್ತು. ಆದರೂ ಹಾಗೆ ಮಾಡಬಾರದಿತ್ತು.

ನಮ್ಮೂರಿಗೆ ಕೊಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಗವಿಮಠದ ಜಾತ್ರೆಗೆ ಹಳ್ಳಿ ಹಳ್ಳಿಯಿಂದ ಟ್ರ್ಯಾಕ್ಟರ್‌ನಲ್ಲಿ ಜೋಳದ ರೊಟ್ಟಿ ಬರುತ್ತವೆ. ಯಾರ ಮನೆ ರೊಟ್ಟಿ ಯಾರು ತಿಂದರು, ಯಾರಿಗೂ ಗೊತ್ತಿಲ್ಲ. 2022ರ ಜೂನ್‌ನಲ್ಲಿ 5,000 ವಿದ್ಯಾರ್ಥಿಗಳ ಉಚಿತ ಪ್ರಸಾದ ನಿಲಯಕ್ಕೆ (ಊಟ-ವಸತಿಯ ಹಾಸ್ಟೆಲಿಗೆ) ಅಡಿಗಲ್ಲು ಹಾಕುವಾಗ ಮಠದ ಗವಿಸಿದ್ಧೇಶ್ವರ ಸ್ವಾಮೀಜಿ ವೇದಿಕೆಯಲ್ಲೇ ಕಣ್ಣೀರಿಟ್ಟರು. ಆ ವಿಡಿಯೋ ನೋಡಿ ನಮ್ಮ ಮನೆಯಲ್ಲೂ ಎಲ್ಲರ ಕಣ್ಣು ತುಂಬಿತ್ತು. ನನ್ನ ಕ್ಲಾಸಿನ ಎಷ್ಟೋ ಹುಡುಗರು ಮಠದಲ್ಲೇ ಉಂಡು ಓದುತ್ತಿದ್ದಾರೆ.

ಹುಡುಗರು ಅಂದಾಗ ನೆನಪಾಯಿತು. ಅಳವಂಡಿ ಕಡೆಯ ಒಬ್ಬ ಬಾಗಿಲಲ್ಲಿ ನಿಂತು, "ನಮಗೇನೂ ಇಲ್ಲೇನ್ರೀ ಮೇಡಂ?" ಅಂದ. ಹುಡುಗಿಯರಿಗೆ 2023ರ ಜೂನ್‌ನಿಂದ ಬಸ್ಸೂ ಫ್ರೀ, ಇವನು ದುಡ್ಡು ಕೊಟ್ಟು ಪಾಸ್ ಮಾಡಿಸಬೇಕು. ಸರ್ಕಾರದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿ ಹಾಕಿಸಿದೆ. ರಿಲಯನ್ಸ್ ಫೌಂಡೇಶನ್‌ನದೂ ಹೇಳಿದೆ. ಇಡೀ ಕೋರ್ಸಿಗೆ 2 ಲಕ್ಷದವರೆಗೆ ಕೊಡುತ್ತಾರೆ. ಆದರೆ ದೇಶಕ್ಕೆಲ್ಲ 5,000 ಮಂದಿ, ಆನ್‌ಲೈನ್ ಪರೀಕ್ಷೆ ಬೇರೆ. "ಬರೀತೇನ್ರೀ" ಅಂದ. ನಾಳೆ ಲ್ಯಾಬ್‌ನಲ್ಲಿ ಕೂರಿಸಬೇಕು.

ಭಾಗ್ಯನಗರದ ಹುಡುಗಿಯ ಅರ್ಜಿ ಇನ್ನೂ ಮುಗಿದಿಲ್ಲ. ಪಾಸ್‌ಬುಕ್ ನೋಡಿದರೆ ಐದನೇ ಕ್ಲಾಸಿನಲ್ಲಿ ತೆರೆದ ಖಾತೆ, ಅವ್ವನ ಹೆಬ್ಬೆಟ್ಟಿನ ಮೇಲೆ. ಎರಡು ವರ್ಷಕ್ಕೂ ಜಾಸ್ತಿ ವ್ಯವಹಾರ ಇಲ್ಲದೆ ನಿಂತುಹೋಗಿದೆ. ಹೊಸದಾಗಿ ಕೆವೈಸಿ ಕೊಟ್ಟು ಚಾಲೂ ಮಾಡಿಸಬೇಕು. "ನಾಳೆ ಅವ್ವನ್ನ ಕರಕೊಂಡು ಬ್ಯಾಂಕಿಗೆ ಬಾ" ಅಂದೆ.

"ಅವ್ವ ಬಂದ್ರ ಪಗಾರ ಹೋಗತೈತ್ರೀ. ನನಗ ಈಗ 18 ಆಗ್ಯಾವು. ನಾನ ಸಹಿ ಮಾಡ್ತೇನಿ."

ಹಳೇ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಸಹಿ ಮಾಡಿ ನೋಡಿದಳು. ಮೊದಲನೆಯದರಲ್ಲಿ ಇನಿಷಿಯಲ್ ಬಂತು, ಆಧಾರ್‌ನಲ್ಲಿ ಅದು ಇಲ್ಲ. ಎರಡನೆಯದು ತುಂಬಾ ಸಣ್ಣದು. ಮೂರನೆಯದನ್ನು ತಾನೇ ಹೊಡೆದುಹಾಕಿದಳು. ನಾಲ್ಕನೆಯದು ಚಲೋ ಬಂತು. ಅದು ಮರೆಯಬಾರದು ಅಂತ ಹಾಳೆ ಮಡಚಿ ಪಾಸ್‌ಬುಕ್ಕಿನೊಳಗೆ ಇಟ್ಟುಕೊಂಡು ಹೋದಳು.