ಚಿಕ್ಕಜಾಜೂರಿನ ಮೇಲೆ ದುರ್ಗಕ್ಕೆ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗುವವರು ಸಾಮಾನ್ಯವಾಗಿ ಬಸ್ಸನ್ನೇ ಹಿಡಿಯುತ್ತಾರೆ. ರೈಲಿನಲ್ಲಾದರೆ ಚಿಕ್ಕಜಾಜೂರಿನವರೆಗೆ ಹೋಗಿ, ಅಲ್ಲಿ ಕವಲು ಮಾರ್ಗ ಹಿಡಿದು ಹೊಳಲ್ಕೆರೆಯ ಮೇಲೆ ಸುತ್ತಿ ಬರಬೇಕು. ತುಮಕೂರು–ದಾವಣಗೆರೆ ನೇರ ಮಾರ್ಗದ ಕೆಲಸ ಇನ್ನೂ ನಡೆಯುತ್ತಿದೆ. ಆದರೂ ನಾವು ರೈಲನ್ನೇ ಆರಿಸಿದ್ದು ಜೊತೆಗಿದ್ದ ಇಬ್ಬರಿಗಾಗಿ. ಒಬ್ಬರು ರೈಲು ಹಳಿಯುದ್ದಕ್ಕೂ ನಡೆದು ಅದನ್ನು ನೋಡಿಕೊಳ್ಳುವ ಕೀಮ್ಯಾನ್ ಆಗಿ ನಿವೃತ್ತರಾದ ನನ್ನ ಸೋದರಮಾವ. ಇನ್ನೊಬ್ಬ ಬ್ರಿಟನ್ನಿನಲ್ಲಿ ಉದ್ಯೋಗದಲ್ಲಿದ್ದು, ರಜೆ ಸಿಕ್ಕಾಗಲೆಲ್ಲ ವೇಲ್ಸ್‌ನ ಟಾಲಿಲಿನ್ ರೈಲುಮಾರ್ಗದಲ್ಲಿ ಸಂಬಳವಿಲ್ಲದೆ ಹಳಿ ಕೆಲಸ ಮಾಡುವ ನನ್ನ ತಮ್ಮನ ಮಗ.

ಮಾಯಕೊಂಡ ದಾಟಿ ಮೆಕ್ಕೆಜೋಳದ ಹೊಲಗಳ ನಡುವೆ ಸಾಗುತ್ತಿದ್ದಾಗ ಅವನು ಆ ಮಾರ್ಗದ ಕಥೆ ತೆಗೆದ. ಕಲ್ಲುಹಲಗೆಯ ಗಣಿಗಾಗಿ 1860ರ ದಶಕದಲ್ಲಿ ಹಾಕಿದ, ಎರಡೂಕಾಲು ಅಡಿ ಅಗಲದ ಪುಟ್ಟ ಮಾರ್ಗವದು. 1950ರಲ್ಲಿ ಅದರ ಮಾಲೀಕರು ತೀರಿಕೊಂಡಾಗ ಮುಚ್ಚಿಹೋಗಬೇಕಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಲೇಖಕ ಟಾಮ್ ರೋಲ್ಟ್ ಮತ್ತವರ ಗೆಳೆಯರು ಬರ್ಮಿಂಗ್‌ಹ್ಯಾಮಿನಲ್ಲಿ ಸಭೆ ಕರೆದು, 1951ರ ಮೇ ತಿಂಗಳಿನಿಂದ ತಾವೇ ರೈಲು ಓಡಿಸತೊಡಗಿದರು. ಸ್ವಯಂಸೇವಕರು ಉಳಿಸಿಕೊಂಡ ಜಗತ್ತಿನ ಮೊದಲ ರೈಲುಮಾರ್ಗ ಇದೆಂದು ಹೆಸರಾಗಿದೆ. ಹಳಿಗಳ ಮೇಲೆ ಹುಲ್ಲು ಎಷ್ಟು ಬೆಳೆದಿತ್ತೆಂದರೆ, ಹಳಿಯಡಿಯ ಕೊಳೆತ ಮರದ ತೊಲೆಗಳಾದ ಸ್ಲೀಪರುಗಳಿಗಿಂತ ಆ ಹುಲ್ಲಿನ ಬೇರೇ ಹಳಿಗಳನ್ನು ಹಿಡಿದಿಟ್ಟಂತಿತ್ತಂತೆ. ನೆರೆಯ ಕಾರಿಸ್ ಮಾರ್ಗದಿಂದ ತಲಾ 25 ಪೌಂಡಿಗೆ ಕೊಂಡು ತಂದ ಎರಡು ಎಂಜಿನ್‌ಗಳಲ್ಲಿ ಓಡಿಸಲು ನೋಡಿದ ಒಂದು ಹಳಿಗಳ ನಡುವೆ ಇಳಿದುಬಿಡುತ್ತಿತ್ತು; ಆ ವರ್ಷವಿಡೀ ಡೋಲ್ಗಾಕ್ ಎಂಬ ಹಳೆಯ ಎಂಜಿನ್ನೊಂದೇ ಎಳೆಯಬೇಕಾಯಿತು.

ಮಾವನಿಗೆ ಎಂಜಿನ್ನಿನ ಹೆಸರಿಗಿಂತ ಈ ಕೊನೆಯ ವಿಷಯ ಹಿಡಿಸಿತು. "ಹಳಿ ಅಗಲ ಬಿಟ್ಟಿತ್ತೇನೋ," ಎಂದರು. ಅವರ ಊಹೆ ಸರಿಯಿತ್ತು. ಹಿಂದಿನವರು ತಮ್ಮ ಎಂಜಿನ್‌ಗಳ ಅನುಕೂಲಕ್ಕೆಂದು ಗೇಜನ್ನು, ಅಂದರೆ ಎರಡು ಹಳಿಗಳ ನಡುವಿನ ಅಂತರವನ್ನು, ನಿಗದಿತ ಅಳತೆಗಿಂತ ತುಸು ಅಗಲವಾಗಿಯೇ ಇಟ್ಟಿದ್ದರು. ಹೊಸದಾಗಿ ಬಂದ ಎಂಜಿನ್ನಿನ ಚಕ್ರಗಳಾದರೋ ಅಗಲ ಕಡಿಮೆಯವು. "ಮತ್ತೆ ಮೊದ್ಲು ಏನು ಮಾಡಿಸಿದ್ರು?" ಎಂದು ಅವರು ಕೇಳಲು, ಹುಡುಗ ತನ್ನ ಪಾಲಿಗೆ ಬರುವುದು ಹೆಚ್ಚಾಗಿ ಚರಂಡಿ ತೋಡುವ ಕೆಲಸವೇ ಎಂದು ತುಸು ಸಂಕೋಚದಿಂದಲೇ ಹೇಳಿದ. "ಅದೇ ಮತ್ತೆ! ನೀರು ನಿಂತ್ರೆ ಜಲ್ಲಿ ಕೆಸರಾಗಿ ಹಳಿ ಕುಸೀತದಪ್ಪ. ಚರಂಡಿ ಮೊದ್ಲು, ಸ್ಲೀಪರ್ ಆಮೇಲೆ." ಉಗಿಬಂಡಿಯ ಹೊಗೆಗೆ ಮಾರುಹೋದವರು ಇಂಥ ಮಾರ್ಗಗಳ ಬಗ್ಗೆ ಬರೆಯುವಾಗ ಚರಂಡಿಯ ಸುದ್ದಿಯನ್ನೇ ಎತ್ತುವುದಿಲ್ಲ ಎಂಬುದು ನನ್ನ ಬಹುಕಾಲದ ತಕರಾರು.

ಚಿಕ್ಕಜಾಜೂರಿನಲ್ಲಿ ಗಾಡಿ ಬದಲಿಸಿದೆವು. ಈ ಕವಲು ಮೊದಲು ಒಂದು ಮೀಟರ್ ಅಗಲದ ಮೀಟರ್ ಗೇಜ್ ಆಗಿತ್ತು. 1990ರ ದಶಕದಲ್ಲಿ 1,676 ಮಿಲಿಮೀಟರಿನ ಬ್ರಾಡ್ ಗೇಜ್ ಆಯಿತು. ಮಾವ ಕಿಟಕಿಯಿಂದ ಕಾಂಕ್ರೀಟ್ ಸ್ಲೀಪರುಗಳನ್ನು ತೋರಿಸುತ್ತ, ಮರದ ಸ್ಲೀಪರಿನ ಕಾಲದಲ್ಲಿ ಸುತ್ತಿಗೆ ಹಿಡಿದು ನಡೆಯುತ್ತ ಹಳಿಯನ್ನು ಬಿಗಿಹಿಡಿಯುವ, ಸಡಿಲವಾದ ಕೀಗಳನ್ನು ಬಡಿದು ಕೂರಿಸುತ್ತಿದ್ದ ಬಗೆಯನ್ನು ವಿವರಿಸಿದರು. ಹೊಳಲ್ಕೆರೆಯ ಅಡಿಕೆ ತೋಟಗಳನ್ನು ಯಾರೂ ಸರಿಯಾಗಿ ನೋಡಲಿಲ್ಲ.

ಬೋಗಿಗಳ ಮಾತು ಬಂದದ್ದು ಆಮೇಲೆ. ಟಾಲಿಲಿನ್‌ನ ಮೊದಲ ನಾಲ್ಕು ಬೋಗಿಗಳೂ ಬ್ರೇಕ್‌ವ್ಯಾನೂ ಇಂದಿಗೂ ಉಳಿದಿವೆ. ಮಾರ್ಗದ ಮೇಲೆ ಹಾದುಹೋಗುವ ಸೇತುವೆಗಳ ಕೆಳಗೆ ಜಾಗ ಸಾಲದೆ, 1866ರ ತಪಾಸಣೆಯ ನಂತರ ಒಂದು ಪಕ್ಕದ ಬಾಗಿಲುಗಳನ್ನು ಶಾಶ್ವತವಾಗಿ ಮುಚ್ಚಿ, ಸೇತುವೆಯ ಕೆಳಗಿನ ಹಳಿಯನ್ನು ಆ ಪಕ್ಕಕ್ಕೆ ಸರಿಸಲಾಯಿತು. ಆದ್ದರಿಂದ ಅಲ್ಲಿ ಹತ್ತುವುದೂ ಇಳಿಯುವುದೂ ಒಂದೇ ಕಡೆಯಿಂದ. ಇಂಥ ಮರದ ಬೋಗಿಗಳಿಗೆ ನೀರು ಮೊದಲು ಸೇರುವುದು ಚಾವಣಿಯಿಂದ. ಅದು ಗೋಡೆಯೊಳಗೆ ಇಳಿದು ಬಾಗಿಲ ಕಂಬಗಳ ಬುಡವನ್ನು ಕೊಳೆಸುತ್ತದೆ, ಮೇಲಿನ ಬಣ್ಣ ಮಾತ್ರ ಚೆನ್ನಾಗಿಯೇ ಕಾಣುತ್ತಿರುತ್ತದೆ.

ನಮ್ಮಲ್ಲಿ ಹೀಗೆ ಸ್ವಯಂಸೇವಕರು ರೈಲನ್ನು ಉಳಿಸಿಕೊಳ್ಳಲು ಆಗದೇಕೆ ಎಂದು ಹುಡುಗ ಕೇಳಿದ. ಹಳಿ ಇಲಾಖೆಯದು, ಹೊರಗಿನವರು ಅದರ ಮೇಲೆ ಕಾಲಿಡುವಂತಿಲ್ಲ. ಊಟಿಯ ರೈಲನ್ನು ಸಹ ಇಲಾಖೆಯ ನೌಕರರೇ ನಡೆಸುತ್ತಾರೆ. ಆದರೆ 1979ರಲ್ಲಿ ತೆರೆದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯವಿದೆ, 2020ರಲ್ಲಿ ತೆರೆದ ಹುಬ್ಬಳ್ಳಿಯದೂ ಇದೆ. ಅಲ್ಲಿ ನಿಂತ ಬೋಗಿಗಳ ದುರಸ್ತಿಗೆ ನಿವೃತ್ತ ಫಿಟ್ಟರುಗಳನ್ನೂ ಬಡಗಿಗಳನ್ನೂ ಕರೆಯಬಹುದೆಂದು ನನಗೆ ಅನ್ನಿಸುತ್ತದೆ. ಜೋಗಿಮಟ್ಟಿಯ ಗಾಳಿಯಂತ್ರಗಳು ಕಾಣಿಸಿಕೊಂಡಾಗ ಮಾವ ವೇಲ್ಸ್‌ನಲ್ಲಿ ಮಳೆ ಯಾವ ತಿಂಗಳಲ್ಲಿ ಬೀಳುತ್ತದೆಂದು ವಿಚಾರಿಸುತ್ತಿದ್ದರು. ವರ್ಷವಿಡೀ ಬೀಳುತ್ತದೆಂದು ತಿಳಿದ ಮೇಲೆ, ಆ ಚರಂಡಿಗಳ ಇಳಿಜಾರು ಎಷ್ಟೆಂದು ಕೇಳಿದರು.